ಇನ್‌ಬಾಕ್ಸ್ ತುಂಬಿದಾಗ ಅಮ್ಮ ಮುರಿದ ನೆಟಿಗೆ

ಫೋನಿನಲ್ಲಿ ಇವತ್ತು ಮತ್ತೆ ‘ಇನ್‌ಬಾಕ್ಸ್ ತುಂಬಿದೆ’ ಎಂದು ಬಂತು. ಕಾಲೇಜು ದಿನಗಳಲ್ಲಿ ಮೇಲ್ ನೋಡಲು ಹೋಗುತ್ತಿದ್ದ ಸಾರಕ್ಕಿಯ ಸೈಬರ್ ಸೆಂಟರಿನ ಊದುಬತ್ತಿ, ಬೆವರಿನ ವಾಸನೆ ಮೂಗಿಗೆ ಬಡಿದಂತಾಯಿತು.

ಆಗ ಮನೆಮಂದಿಗೆಲ್ಲ ನನ್ನದೊಂದೇ ಇಮೇಲ್. ಮಸ್ಕತ್‌ನಲ್ಲಿದ್ದ ಅಕ್ಕ ತನ್ನ ಮಗುವಿನ ನಾಲ್ಕು ಫೋಟೊ ಕಳಿಸಿದರೆ ಸಾಕು, ಇನ್‌ಬಾಕ್ಸ್ ತುಂಬಿ, ಗೆಳತಿ ಕಳಿಸಿದ ನೋಟ್ಸ್ ಬರುತ್ತಲೇ ಇರಲಿಲ್ಲ. ಮೊಮ್ಮಗುವನ್ನು ನೋಡಲು ಅಮ್ಮ ಸೈಬರ್ ಸೆಂಟರಿಗೂ ಇಸ್ತ್ರಿ ಮಾಡಿದ ಸೀರೆ ಉಟ್ಟೇ ಬರುತ್ತಿದ್ದಳು.

ಪರೀಕ್ಷೆ ಹತ್ತಿರವಾದಾಗ ಒಂದು ಸಂಜೆ, “ಫೋಟೊ ಡಿಲೀಟ್ ಮಾಡ್ಲೇಬೇಕಮ್ಮಾ” ಎಂದೆ.

“ಮಾಡು. ಮಗು ಮುಖ ನಂಗೆ ಬಾಯಿಪಾಠ ಆಗೋಗಿದೆ” ಎಂದ ಅಮ್ಮ, ಪರದೆಯ ಮೇಲಿದ್ದ ಮಗುವಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಆಮೇಲೇ ನಾನು ಬಟನ್ ಒತ್ತಿದ್ದು.

ಈಗ ಮೇಲ್ ಅಳಿಸಿ ಅಳಿಸಿ ಬೆರಳು ಸೋತಿದೆ. ಬ್ಯಾಂಕಿನದು, ಅಂಗಡಿಯದು, ಮತ್ತೆ ಅಂಗಡಿಯದು. ನೆಟಿಗೆ ಮುರಿಯಬೇಕು ಅನ್ನಿಸುವಂಥದ್ದು ಒಂದೂ ಸಿಗಲಿಲ್ಲ.