ಕಿಟಕಿಗೆ ಬೆನ್ನು ಹಾಕಿ ಕೂತವಳು

ಅಪ್ಪ ದರ್ಜಿ, ಅಮ್ಮ ಅದೇ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿಗೆ ಕಾಜಾ ಹೊಲಿಯುವವಳು. ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳದು. ಹಾಗಾಗಿ ಮಗಳಿಗೆ ಮಾತು ಬಂದ ದಿನ ಆ ಮನೆಗೇ ಬಾಯಿ ಬಂದ ಹಾಗಾಯಿತು. ಐದನೇ ವಯಸ್ಸಿಗೆ ಹಾಲಿನವನ ಜೊತೆ ಜಗಳ, ಏಳಕ್ಕೆ ಸೋರುವ ನಲ್ಲಿಯ ಬಗ್ಗೆ ಮನೆ ಮಾಲೀಕನ ಹತ್ತಿರ ತಗಾದೆ, ಒಂಬತ್ತಕ್ಕೆ ಡಾಕ್ಟರ ಮುಂದೆ ಅಪ್ಪನ ಹೊಟ್ಟೆನೋವಿನ ವರ್ಣನೆ, ಎಲ್ಲ ಅವಳದೇ. ಒಮ್ಮೆ ಶಾಲೆಯ ಟೀಚರು ಅಮ್ಮನನ್ನು ಕರೆಸಿ, "ನಿಮ್ಮ ಹುಡುಗಿ ಬಾಯಿ ಮುಚ್ಚಲ್ಲ, ಹೋಂವರ್ಕು ಮುಟ್ಟಲ್ಲ" ಎಂದು ದೂರಿದರು. ಆ ದೂರನ್ನು ಕೈಭಾಷೆಗೆ ತಿರುಗಿಸಬೇಕಾದವಳೂ ಅವಳೇ. "ಇಡೀ ಕ್ಲಾಸಿಗೆ ನಾನೇ ಜಾಣೆಯಂತೆ" ಎಂದು ತಿರುಗಿಸಿದಳು. ಅಮ್ಮ ಟೀಚರಿಗೆ ಕೈಮುಗಿದಳು. ಟೀಚರು ತಬ್ಬಿಬ್ಬಾಗಿ ತಾವೂ ಕೈಮುಗಿದರು.

ದೊಡ್ಡವಳಾದ ಮೇಲೆ ಅದೇ ಅವಳ ಕಸುಬಾಯಿತು. ಆಸ್ಪತ್ರೆ, ಕೋರ್ಟು, ಬ್ಯಾಂಕು, ಎಲ್ಲಿ ಕಿವಿ ಕೇಳದವರು ಬಂದರೂ ಅವಳಿಗೆ ಫೋನು ಬರುತ್ತಿತ್ತು. ಜನ ಅವಳನ್ನು ದುಭಾಷಿ ಎಂದೇ ಕರೆಯುತ್ತಿದ್ದರು. ಅಪ್ಪ ಹೋಗಿ ಬಹಳ ವರ್ಷವಾಗಿತ್ತು, ಅಮ್ಮ ಹೋಗಿ ಎರಡು ವರ್ಷ. ಉಳಿದವನು ತಮ್ಮ ಒಬ್ಬ. ಅವನಿಗೆ ಕಿವಿಯೂ ಕೇಳುತ್ತಿತ್ತು, ಮಾತೂ ಬರುತ್ತಿತ್ತು, ಆದರೆ ಅಕ್ಕನಿಂದಾಗಿ ಎರಡನ್ನೂ ಬಳಸುವ ಸಂದರ್ಭ ಬರಲಿಲ್ಲ ಎಂದು ನಗುತ್ತಿದ್ದ.

ಅವಳಿಗೆ ನಲವತ್ತಾರು ತುಂಬಿದ ವರ್ಷ ಅವಳ ಚರ್ಚಿನ ಪಾದ್ರಿಗಳಿಗೆ ಹೊರದೇಶದಿಂದ ಒಂದು ಪತ್ರ ಬಂತು. ಅಲ್ಲಿಯ ಚರ್ಚೊಂದು ಕಿವಿ ಕೇಳದ ಹುಡುಗ ಹುಡುಗಿಯರಿಗಾಗಿ ಹತ್ತು ದಿನದ ಬೇಸಿಗೆ ಶಿಬಿರ ನಡೆಸುತ್ತದೆ, ಸ್ವಯಂಸೇವಕರು ಬೇಕು ಎಂದು. ದುಭಾಷಿ ಎರಡು ತಿಂಗಳು ಆ ಕಡೆಯ ಸನ್ನೆಗಳನ್ನು ವಿಡಿಯೋ ನೋಡಿ ಕಲಿತಳು. ವಿಮಾನ ನಿಲ್ದಾಣದಲ್ಲಿ ತಮ್ಮ, "ಅಕ್ಕಾ, ಅಲ್ಲಿ ಯಾರ ಜಗಳಾನೂ ಮೈಮೇಲೆ ಎಳ್ಕೋಬೇಡ" ಎಂದ.

ಶಿಬಿರ ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ಹಳೆಯ ವಸತಿ ಶಾಲೆಯಲ್ಲಿ. ಉದ್ದನೆಯ ಊಟದ ಕೋಣೆ, ಹಲಗೆಯ ನೆಲ, ಎರಡು ಸಾಲು ಬೆಂಚು, ಕೊನೆಯಲ್ಲಿ ಗೋಡೆಯಗಲದ ಕಿಟಕಿ. ಗಂಟೆಯ ಬದಲಿಗೆ ದೀಪಗಳು ಮೂರು ಸಲ ಮಿನುಗಿದರೆ ಊಟವೆಂದು ಅರ್ಥ. ನಲವತ್ತು ಮಕ್ಕಳು, ನಾಲ್ಕು ಜನ ಸ್ವಯಂಸೇವಕರು, ಎಲ್ಲರನ್ನೂ ನೋಡಿಕೊಳ್ಳುವ ಒಬ್ಬ ಮುದುಕ ಬಡಗಿ. ಕಿವಿ ಕೇಳುವವಳು ಅವಳೊಬ್ಬಳೇ. ನಲವತ್ತು ಜನ ಒಟ್ಟಿಗೆ ಹರಟೆ ಹೊಡೆಯುತ್ತಿದ್ದರೂ ಕೋಣೆಯಲ್ಲಿ ಕೇಳುತ್ತಿದ್ದದ್ದು ಚಮಚದ ಸದ್ದು, ಬಟ್ಟೆಯ ಸರಸರ, ಒಮ್ಮೊಮ್ಮೆ ಯಾರದೋ ಗಂಟಲಿನಿಂದ ಸಿಡಿಯುವ ನಗೆ. ಅವಳಿಗೆ ಅದು ತವರಿಗೆ ಬಂದ ಹಾಗಿತ್ತು. ಮೊದಲ ದಿನವೇ ಮಕ್ಕಳು ಅವಳಿಗೊಂದು ಸನ್ನೆಹೆಸರು ಇಟ್ಟರು. ಗಲ್ಲದ ಮೇಲೆ ಬೆರಳಿಟ್ಟರೆ ಅವಳು, ಅಲ್ಲೊಂದು ಮಚ್ಚೆಯಿದ್ದ ಕಾರಣ.

ಮೂರನೇ ದಿನ ಮಧ್ಯಾಹ್ನ ಊಟ ಬಡಿಸುತ್ತಿದ್ದಾಗ ಹಿಂದೆ ಸದ್ದಾಯಿತು. ಧಪ್, ಧಪ್. ಸ್ವಲ್ಪ ಬಿಟ್ಟು, ಧಪ್.

ಅವಳ ಕೈಯಲ್ಲಿದ್ದ ಸೌಟು ನಿಂತಿತು. ಕಿವುಡರ ಮನೆಯಲ್ಲಿ ಕೂಗಿ ಕರೆಯುವುದಿಲ್ಲ, ಹಿಮ್ಮಡಿಯಿಂದ ನೆಲ ಗುದ್ದುತ್ತಾರೆ, ಅದುರುವಿಕೆ ಪಾದಕ್ಕೆ ತಾಕುತ್ತದೆ. ಅಮ್ಮ ಅವಳನ್ನು ಕರೆಯುತ್ತಿದ್ದದ್ದು ಹೀಗೆಯೇ, ಎರಡು ಗುದ್ದು, ಬಿಟ್ಟು ಒಂದು. ತಿರುಗಿ ನೋಡಿದರೆ ನಲವತ್ತು ತಲೆಗಳೂ ಕಿಟಕಿಯ ಕೆಳಗಿನ ಕೊನೆಯ ಬೆಂಚಿನತ್ತ ತಿರುಗಿದ್ದವು. ಬೆಂಚು ಖಾಲಿಯಿತ್ತು. ಆಮೇಲೆ ಅಷ್ಟೂ ತಲೆಗಳು ಅವಳತ್ತ ತಿರುಗಿದವು.

ಎರಡು ಜಡೆಯ, ಹದಿನೈದರ ಹುಡುಗಿಯೊಬ್ಬಳು ಕೈಯೆತ್ತಿ, "ನಿಮ್ಮನ್ನ ಕರೀತಿದ್ದಾರೆ" ಎಂದು ಸನ್ನೆ ಮಾಡಿದಳು.

"ಯಾರು?"

"ಅಲ್ಲಿ ಕೂತಿರೋರು. ನಿಮ್ಮ ಹೆಸರು ಬೇರೆ ಥರ ಹೇಳ್ತಾರೆ." ಹುಡುಗಿ ತನ್ನ ಕಿವಿಯ ಹಾಲೆಯನ್ನು ಚಿವುಟಿ, ಅದೇ ಬೆರಳಿಂದ ಎದೆ ತಟ್ಟಿಕೊಂಡಳು.

ನನ್ನ ಕಿವಿ. ಅಮ್ಮ ಮಗಳಿಗೆ ಇಟ್ಟಿದ್ದ ಹೆಸರು. ಅದನ್ನು ಬಲ್ಲವರು ಭೂಮಿಯ ಮೇಲೆ ಇನ್ನು ಇಬ್ಬರೇ, ಅವಳು ಮತ್ತು ತಮ್ಮ.

ಮಕ್ಕಳ ಕೀಟಲೆ ಇರಬೇಕು ಎಂದುಕೊಂಡು ಹೋಗಿ ಆ ಬೆಂಚಿನ ಮೇಲೆ ಕೂತಳು. ಮರ ಬೆಚ್ಚಗಿತ್ತು. ಬಿಸಿಲಿಗೆ ಕಾದಿದ್ದೀತು. ಮರುದಿನವೂ ಅದೇ ಹೊತ್ತಿಗೆ ಅದೇ ಮೂರು ಗುದ್ದು. ಬಡಗಿಯನ್ನು ಕೇಳಿದಾಗ ಅವನು, "ಹಳೇ ಕಟ್ಟಡ. ಸೆಕೆಗೆ ಹಲಗೆ ಉಬ್ಬುತ್ತೆ, ಸದ್ದು ಮಾಡುತ್ತೆ" ಎಂದ.

"ಹಲಗೆ ಸರಿ. ನನ್ನ ಹೆಸರು ಹೇಳಿದ್ದು ಯಾರು?"

ಅವನು ಕೈಗೆ ಸುತ್ತಿಗೆ ತೆಗೆದುಕೊಂಡ. ಕೈಯಲ್ಲಿ ಸುತ್ತಿಗೆಯಿದ್ದರೆ ಕಿವುಡ ಮಾತಾಡಬೇಕಾಗಿಲ್ಲ.

ಐದನೇ ದಿನ ಗುದ್ದು ಬಿದ್ದಾಗ ಅವಳು ಧೈರ್ಯ ಮಾಡಿ ಎರಡು ಜಡೆಯವಳ ಪಕ್ಕಕ್ಕೆ ಹೋಗಿ ನಿಂತಳು. "ಏನು ಹೇಳ್ತಿದ್ದಾರೆ?"

"ಇವರ ಭಾಷೆ ನಮಗೆ ಬರಲ್ಲ. ಕೈ ಹೇಗೆ ಆಡುತ್ತೋ ಹಾಗೇ ತೋರಿಸ್ತೀನಿ. ನೀವು ಓದ್ಕೊಳ್ಳಿ."

ಹುಡುಗಿ ಖಾಲಿ ಬೆಂಚನ್ನು ನೋಡುತ್ತಾ, ಅರ್ಥ ಗೊತ್ತಿಲ್ಲದ ಅಕ್ಷರ ತಿದ್ದುವ ಮಗುವಿನ ಹಾಗೆ ಕೈಯಾಡಿಸತೊಡಗಿದಳು. ಹುಟ್ಟಿದಾಗಿನಿಂದ ಎಲ್ಲರಿಗೂ ಮಾತು ದಾಟಿಸಿದ ದುಭಾಷಿಗೆ ಮೊದಲ ಸಲ ಇನ್ನೊಬ್ಬರು ದುಭಾಷಿಯಾಗಿದ್ದರು.

ಟೀಚರು. ಹೊಗಳಿದರು. ಸುಳ್ಳು. ಟೀಚರ ಮುಖ ನೋಡಿದ್ದೆ.

ಅವಳಿಗೆ ನಗು ಬಂತು. ಮುಂದಿನದ್ದನ್ನು ನೋಡಿದಾಗ ನಗು ಅಲ್ಲೇ ಒಣಗಿತು.

ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅಮ್ಮನ ಎಡಗೈಯನ್ನು ಡ್ರಿಪ್ಪಿಗೆಂದು ಹಲಗೆಗೆ ಕಟ್ಟಿದ್ದರು. ಅಮ್ಮ ಬಲಗೈ ಎತ್ತಿ, ಹೆಬ್ಬೆರಳು ತೋರುಬೆರಳು ಜೋಡಿಸಿ, ತಿರುಚಿ, ಬಾಯಿಯ ಹತ್ತಿರ ಒಯ್ದಳು. ಮತ್ತೆ ಮತ್ತೆ ಅದನ್ನೇ ಮಾಡಿದಳು. "ಏನಂತಾರೆ?" ಎಂದು ಡಾಕ್ಟರು ಕೇಳಿದರು. ಮಗಳಿಗೆ ತಿಳಿಯಲಿಲ್ಲ. ಆದರೆ ತಿಳಿಯಲಿಲ್ಲ ಎಂಬ ಮಾತು ಅವಳ ಕಸುಬಿನಲ್ಲಿ ಯಾವತ್ತೂ ಬಾಯಿಂದ ಬಂದದ್ದಲ್ಲ. "ನೀರು ಕೇಳ್ತಿದ್ದಾರೆ" ಎಂದುಬಿಟ್ಟಳು. ಆಮೇಲೆ ಗಂಟಲಿಗೆ ಕೊಳವೆ, ಪಕ್ಕದಲ್ಲಿ ಯಂತ್ರ, ಹೀಗೆ ಒಂಬತ್ತು ದಿನ. ಆ ಬಲಗೈ ಸೋಲುವವರೆಗೂ ಅದನ್ನೇ ಹೇಳುತ್ತಿತ್ತು.

ಈಗ ಹುಡುಗಿ ಅದೇ ಮಾತನ್ನು ಎರಡೂ ಕೈಯಲ್ಲಿ ತೋರಿಸುತ್ತಿದ್ದಳು. ಎಡಗೈ ಬಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು. ಬಲಗೈ ಸೂಜಿ ಚುಚ್ಚಿತು, ತಿರುಚಿತು, ಗಂಟು ಬಿಗಿಯಿತು, ದಾರವನ್ನು ಬಾಯಿಗೆ ಒಯ್ದು ಹಲ್ಲಿನಿಂದ ಕಡಿಯಿತು. ಆಮೇಲೆ ಎರಡೂ ಅಂಗೈ ಮಡಿಲು ಕೊಡವಿದವು. ದಿನದ ಕೊನೆಯ ಕಾಜಾ ಮುಗಿದಾಗ ಅಮ್ಮ ಅಪ್ಪನಿಗೆ ಹೀಗೆ ಮಾಡುತ್ತಿದ್ದಳು. ಸಾಕು, ಮನೆಗೆ ಹೋಗೋಣ. ಚಿಕ್ಕಂದಿನಲ್ಲಿ ಮಗಳು ಅಂಗಡಿಯ ಹೊಸ್ತಿಲಲ್ಲಿ ಕೂತು ನೂರು ಸಲ ನೋಡಿದ್ದಳು. ಅದೊಂದು ಮಾತು ಎಂದು ಅವಳಿಗೆ ಹೊಳೆದಿರಲಿಲ್ಲ.

ಅವಳು ಅಲ್ಲೇ ಕೂತಳು. ಕೂತಾಗ ಇನ್ನೊಂದು ವಿಚಾರ ತಲೆಗೆ ಬಂತು. ಆ ಬೆಂಚಿನ ಬೆನ್ನಿಗೇ ಕಿಟಕಿಯಿತ್ತು, ಅಮ್ಮನೋ ಜನ್ಮದಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತವಳಲ್ಲ. ಬೆಳಕು ಹಿಂದಿದ್ದರೆ ಮುಖ ಕಪ್ಪಾಗುತ್ತದೆ, ಮಾತಾಡುವುದು ಎದುರಿನವರಿಗೆ ಕಾಣುವುದಿಲ್ಲ. ಕಿವುಡರಲ್ಲಿ ಅದು ಬಾಯಿಗೆ ಬಟ್ಟೆ ತುರುಕಿಕೊಂಡು ಮಾತಾಡಿದ ಹಾಗೆ.

"ಮುಖ ಹೇಗಿದೆ?" ಎಂದು ಕೇಳಿದಳು.

"ಕಾಣಲ್ಲ. ಕೈ ಮಾತ್ರ ಕಾಣುತ್ತೆ."

"ಸ್ವಲ್ಪ ಬೆಳಕಿನ ಕಡೆ ತಿರುಗೋಕೆ ಹೇಳು."

ಹುಡುಗಿ ಬೆಂಚಿನತ್ತ ಸನ್ನೆ ಮಾಡಿ ಕಾದಳು. ನೋಡುತ್ತಾ ನೋಡುತ್ತಾ ಅವಳ ಮುಖದ ಬಣ್ಣ ಇಳಿಯಿತು. ಕೋಣೆಯಲ್ಲಿದ್ದ ಮಕ್ಕಳು ಒಬ್ಬೊಬ್ಬರಾಗಿ ಕಣ್ಣು ತಗ್ಗಿಸಿ ತಟ್ಟೆ ನೋಡತೊಡಗಿದರು. ಕಿವಿ ಕೇಳುವವರು ಕಿವಿ ಮುಚ್ಚಿಕೊಳ್ಳುವಂತೆ.

"ಏನಂದ್ರು?"

ಹುಡುಗಿ ಇತ್ತ ತಿರುಗಿದಳು. ನೋಟ ದುಭಾಷಿಯ ಕಣ್ಣಿನ ಮೇಲಿರಲಿಲ್ಲ, ಹುಬ್ಬಿನ ಮೇಲಿತ್ತು. ಕೈ ಬೇಕಾದ್ದಕ್ಕಿಂತ ಬೇಗ ಆಡಿತು. "ನೀರು ಕೇಳ್ತಿದ್ದಾರೆ."

ನಲವತ್ತು ವರ್ಷ ಅದೇ ಕೆಲಸ ಮಾಡಿದವಳಿಗೆ ಅದು ಸುಳ್ಳೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಎರಡನೇ ಸಲ ಕೇಳಲಿಲ್ಲ. ಒಂದು ಲೋಟ ನೀರು ತುಂಬಿ ಬೆಂಚಿನ ಮೇಲಿಟ್ಟು ಹೊರಗೆ ಬಂದಳು.

ಆವತ್ತು ಸಂಜೆ ಬಡಗಿ ಯಾರೂ ಹೇಳದೆಯೇ ಆ ಬೆಂಚನ್ನು ಹೊತ್ತು ಹಿತ್ತಿಲಿನ ಶೆಡ್ಡಿಗೆ ಹಾಕಿ ಚಿಲಕ ಎಳೆದ. ಊಟದ ಕೋಣೆಯಲ್ಲಿ ಮತ್ತೆ ಸದ್ದಾಗಲಿಲ್ಲ. ಎಂಟನೇ ದಿನ ಮಧ್ಯಾಹ್ನ ಅವಳು ಅಂಗಳದಲ್ಲಿ ಮಕ್ಕಳ ಬಟ್ಟೆ ಒಣಹಾಕುತ್ತಿದ್ದಾಗ ಶೆಡ್ಡಿನ ಒಳಗಿನಿಂದ ಕೇಳಿಸಿತು. ಎರಡು ಗುದ್ದು, ಬಿಟ್ಟು ಒಂದು. ಶೆಡ್ಡಿಗೆ ಹಲಗೆಯ ನೆಲವಿರಲಿಲ್ಲ, ಬರಿಯ ಮಣ್ಣು. ಅಂಗಳದಲ್ಲಿ ಚೆಂಡಾಡುತ್ತಿದ್ದ ಮಕ್ಕಳ ಪಾದಕ್ಕೆ ಅದು ತಲುಪಲಿಲ್ಲ, ಒಬ್ಬರೂ ತಿರುಗಲಿಲ್ಲ. ಕೇಳಿಸಿದ್ದು ಅವಳಿಗೊಬ್ಬಳಿಗೇ. ಉಳಿದ ಬಟ್ಟೆಯನ್ನು ಒಂದೊಂದಾಗಿ ಹರವಿ, ಕ್ಲಿಪ್ಪು ಹಾಕಿ, ಖಾಲಿ ಬಕೆಟ್ಟು ತೆಗೆದುಕೊಂಡು ಒಳಗೆ ಹೋದಳು.

ಊರಿಗೆ ಬಂದು ತಮ್ಮನಿಗೆ ಎಲ್ಲ ಹೇಳಿದಳು.

"ಅಕ್ಕಾ, ನೀರು ಅಂದಿದ್ದು ನೀನು. ಕೊಳವೆ ಹಾಕೋಕೆ ಸಹಿ ಮಾಡಿದ್ದು ನಾನು" ಎಂದ. ಆಮೇಲೆ, "ಶೆಡ್ಡಿನ ಬಾಗಿಲು ತೆಗೆದು ನೋಡ್ಲಿಲ್ವಾ?" ಎಂದು ಕೇಳಿದ.

"ಇಲ್ಲ."

"ಒಳ್ಳೇದು ಮಾಡಿದೆ" ಎಂದ. ಅವನ ದನಿಯಲ್ಲಿ ಅಷ್ಟು ನಂಬಿಕೆಯಿರಲಿಲ್ಲ.

ದುಭಾಷಿ ಈಗಲೂ ಕೆಲಸಕ್ಕೆ ಹೋಗುತ್ತಾಳೆ. ಆಸ್ಪತ್ರೆಯಲ್ಲಿ ಮಾತ್ರ ಒಂದು ಹಟ ಹಿಡಿಯುತ್ತಾಳೆ: ಮೊದಲು ರೋಗಿಯ ಎರಡೂ ಕೈ ಬಿಚ್ಚಿ, ಆಮೇಲೆ ನನ್ನನ್ನು ಕೇಳಿ. ನರ್ಸುಗಳು ಗೊಣಗುತ್ತಾರೆ. "ಗೊತ್ತಾಗಲಿಲ್ಲ, ಇನ್ನೊಂದು ಸಲ ಕೇಳ್ತೀನಿ" ಎಂದು ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತಾಳೆ. ಮೊನ್ನೆ ಒಬ್ಬ ಮುದುಕನ ಕೈ ಬಿಚ್ಚಿಸಲು ಅರ್ಧ ಗಂಟೆ ವಾದ ಮಾಡಬೇಕಾಯಿತು. ಡಾಕ್ಟರೂ ಅವನ ಮಗಳೂ ಉಸಿರು ಬಿಗಿಹಿಡಿದು ನಿಂತಿದ್ದರು. ಬಿಚ್ಚಿದ ಮೇಲೆ ಮುದುಕ ಕೈ ಎರಡನ್ನೂ ಉಜ್ಜಿಕೊಂಡು, "ಫ್ಯಾನು ಆರಿಸಿ, ಬೆಳಗಿನಿಂದ ಚಳಿಯಾಗ್ತಿದೆ" ಎಂದು ಸನ್ನೆ ಮಾಡಿದ. ಅವಳು ಅದನ್ನು ಇದ್ದದ್ದು ಇದ್ದ ಹಾಗೆ ತಿರುಗಿಸಿದಳು.