ನಾನು ಕೊಡದ ಎರಡು ಪತ್ರಗಳು

ನನ್ನ ತಂಗಿಯ ಹೆಸರಿಗೆ ಬಂದ ಎರಡು ಪತ್ರಗಳನ್ನು ನಾನು ಅವಳಿಗೆ ಕೊಡಲಿಲ್ಲ. ಮರೆತು ಅಲ್ಲ. ತಿಳಿಯದೆಯೂ ಅಲ್ಲ. ಓದಿ, ಅರ್ಥ ಮಾಡಿಕೊಂಡು, ಕೊಡಲಿಲ್ಲ.

ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾಲ್ಕು ವರ್ಷ ಇದೇ ಮಾತಿನ ಹಿಂದೆ ಅಡಗಿ ಕೂತಿದ್ದೆ. ಪಾಪ, ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ — ಹಾಗೆಂದು ಎಲ್ಲರೂ ನಂಬಿದ್ದರು. ನೀವೂ ನಂಬಿ ಮರುಗಬೇಡಿ. ಲಂಡನ್ನಿನ ಅಂಚಿನ ಹೇಸ್‌ನಲ್ಲಿ ವಿಮಾನದ ಊಟ ತಯಾರಿಸುವ ಗೋದಾಮೊಂದರಲ್ಲಿ ನನ್ನ ಕೆಲಸ. ಯಾವ ಟ್ರೇಯಲ್ಲಿ ಶೇಂಗಾ ಇದೆ, ಯಾವುದರಲ್ಲಿ ಹಾಲಿದೆ ಎಂದು ದಿನವಿಡೀ ಚೀಟಿ ಓದುತ್ತೇನೆ. ಒಂದು ತಪ್ಪಿದರೆ ಮೇಲೆ ವಿಮಾನದಲ್ಲಿ, ಅದು ಒಗ್ಗದ ಯಾರದೋ ಉಸಿರು ಕಟ್ಟುತ್ತದೆ. ಒಮ್ಮೆಯೂ ತಪ್ಪಿಲ್ಲ. ನಿಧಾನವಾಗಿ ಓದುತ್ತೇನೆ, ಅಷ್ಟೇ.

ತಂಗಿ ಸುಮಿತ್ರಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವ್ವ ಹಾಸಿಗೆ ಹಿಡಿದಾಗ ಹುಬ್ಬಳ್ಳಿಯ ಮನೆಯಲ್ಲಿ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು. ನನ್ನ ಶಾಲೆ ನಿಂತದ್ದೂ ಆಗಲೇ. ಅವಳು ಓದಿದಳು, ಬೆಲ್ಜಿಯಂಗೆ ಹೋಗಿ ಇನ್ನಷ್ಟು ಓದಿದಳು, ಗೆಂಟ್ ಎಂಬ ಊರಿನಲ್ಲಿ ಮನೆ ಮಾಡಿದಳು, ಆ ದೇಶದವಳೇ ಆದಳು. ಆಮೇಲೆ ಲಂಡನ್ನಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಗಂಡ, ಮಗಳು ಅಲ್ಲೇ ಉಳಿದರು. ಗಂಡನಿಗೆ ಆಗ ಕೆಲಸವಿರಲಿಲ್ಲ. ಮಗು ನೋಡಿಕೊಂಡು ಅಲ್ಲಿಯ ಭಾಷೆ ಕಲಿಯುತ್ತಿದ್ದ. ಸುಮಿ ಸೋಮವಾರ ನಸುಕಿನಲ್ಲಿ ರೈಲು ಹತ್ತಿ ಬರುವುದು, ಮೂರು ರಾತ್ರಿ ನಮ್ಮ ಮನೆಯ ಸಣ್ಣ ಕೋಣೆಯಲ್ಲಿ ಮಲಗುವುದು, ಗುರುವಾರ ಸಂಜೆ ಹೊರಟುಬಿಡುವುದು.

ಹೀಗೆ ಒಂದು ದೇಶದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಇರುವವರಿಗೆ ಒಂದು ಬೇರೆ ಪರ್ಮಿಟ್ ಇದೆ. ಬ್ರಿಟನ್ ಯೂರೋಪಿನಿಂದ ಬೇರೆಯಾಗುವ ಮೊದಲೇ ಹಾಗೆ ಓಡಾಡುತ್ತಿದ್ದವರಿಗೆ ಮಾತ್ರ. ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಸಂಬಳದಿಂದ ತೆರಿಗೆ, ವಿಮೆ ಎರಡೂ ಇಲ್ಲಿಯೇ ಹಿಡಿಯುತ್ತಾರೆ. ಅದರ ಬದಲಿಗೆ ಇಲ್ಲಿಯ ಕಚೇರಿ ಒಂದು ಫಾರ್ಮ್ ಕೊಡುತ್ತದೆ. ಅದನ್ನು ತೋರಿಸಿದರೆ ಗೆಂಟ್‌ನಲ್ಲಿ ಅವಳಿಗೂ ಮಗಳಿಗೂ ಆಸ್ಪತ್ರೆ ಬಾಗಿಲು ತೆರೆಯುತ್ತದೆ. ಇದನ್ನೆಲ್ಲ ಅವಳೇ ಚಪಾತಿ ಲಟ್ಟಿಸುತ್ತ ನನಗೆ ಹೇಳಿದ್ದಳು. ಆ ಕಚೇರಿಗೆ ಪತ್ರದ ವಿಳಾಸವಾಗಿ ನಮ್ಮ ಮನೆಯದನ್ನು ಕೊಟ್ಟಿದ್ದಳು. ‘ಅಕ್ಕ ಇರ್ತಾಳ, ತಗೊಂಡ ಇಡ್ತಾಳ’ — ಅಷ್ಟು ನಂಬಿಕೆ.

ಇನ್ನು ಲಂಡನ್ನಿನ ಪಿನ್ನರ್ ಬಡಾವಣೆಯ ಒಂದು ಭಾನುವಾರದ ವಿಷಯ. ಮೈಸೂರಿನ ಡಾಕ್ಟರೊಬ್ಬರ ಮನೆಯಲ್ಲಿ ಊಟ. ಹೊಸಬರಿಗೆ ಆಂಟಿ, ಹಳಬರಿಗೆ ಮೇಡಂ ಆಗಿದ್ದ ಅವರ ಹೆಂಡತಿ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಆ ವಾರ ಲ್ಯಾಬಿನಲ್ಲಿ ಜನ ಕಡಿಮೆಯೆಂದು ಸುಮಿ ಗೆಂಟ್‌ಗೆ ಹೋಗಿರಲಿಲ್ಲ. ಒತ್ತಾಯ ಮಾಡಿ ಅವಳನ್ನು ಕರೆದುಕೊಂಡು ಹೋದದ್ದು ನಾನೇ. ಓದಿದ ತಂಗಿಯನ್ನು ನಾಲ್ಕು ಜನಕ್ಕೆ ತೋರಿಸಬೇಕೆಂಬ ಆಸೆ.

“ನೀವು ಲಂಡನ್ನಲ್ಲಿ ಎಲ್ಲಿರೋದು?” ಅಂದರು ಡಾಕ್ಟರ ಹೆಂಡತಿ.

“ಲಂಡನ್ನಿನ್ಯಾಗ ಇಲ್ರಿ. ನನ್ನ ಮನಿ ಗೆಂಟ್‌ನ್ಯಾಗ. ಹೇಸ್‌ನ್ಯಾಗ ಬರೇ ಮಲಗೋ ಜಾಗಾ, ಅಷ್ಟ.”

“ಅಯ್ಯೋ, ಹಾಗಾದ್ರೆ ಅಕ್ಕನ ಮನೆ ನಿಮ್ಗೆ ಲಾಡ್ಜು ಅನ್ನಿ!”

“ಲಾಡ್ಜಿನಕಿಂತ ಊಟ ಛಲೋ ಐತ್ರಿ,” ಅಂದು ಸುಮಿಯೂ ನಕ್ಕಳು. ಎಲ್ಲರೂ ನಕ್ಕರು. ನಾನು ಕೋಸಂಬರಿಯ ಬಟ್ಟಲು ಹಿಡಿದು ನಿಂತಿದ್ದೆ — ನಾನೂ ನಕ್ಕೆ.

ಆ ನಗು ನನ್ನೊಳಗೆ ಕೊಳೆಯಿತು. ಸೋಮವಾರ ಅವಳಿಗೆಂದು ರೊಟ್ಟಿ ಬಡಿಯುವಾಗ, ಬುಧವಾರ ಅವಳ ಬಟ್ಟೆ ಒಣಹಾಕುವಾಗ, ಮಲಗೋ ಜಾಗ, ಮಲಗೋ ಜಾಗ ಎಂದು ಒಳಗೇ ಅಂದುಕೊಳ್ಳುತ್ತಿದ್ದೆ. ಅವಳು ತಂದ ಚಾಕಲೇಟಿನ ಡಬ್ಬಿಗಳನ್ನು ಬಿಚ್ಚದೆ ಗೋದಾಮಿನ ಜೊತೆಗಾರರಿಗೆ ಹಂಚಿದೆ. ನನ್ನ ಶಾಲೆಯನ್ನು ತಿಂದು ಬೆಳೆದವಳು — ಹೌದು, ಇಂಥ ಮಾತನ್ನೂ ನನ್ನಷ್ಟಕ್ಕೆ ನಾನೇ ಆಡಿಕೊಂಡೆ.

ಮೂರು ವಾರದ ನಂತರ ಮೊದಲ ಪತ್ರ ಬಂತು. ಅದು ಶುಕ್ರವಾರ, ಅವಳು ಹೋದ ಮಾರನೆಯ ದಿನ. ಅಡುಗೆಮನೆಯ ಮೇಜಿನ ಮೇಲಿಟ್ಟು ಬೆರಳಿಟ್ಟುಕೊಂಡು ಓದಿದೆ. ನೀವು ಇನ್ನೂ ಇಲ್ಲಿ ಕೆಲಸ ಮಾಡುತ್ತಿದ್ದೀರಾ, ವಾರವಾರ ನಿಮ್ಮ ದೇಶಕ್ಕೆ ಮರಳುತ್ತೀರಾ, ಇಂಥ ದಿನದೊಳಗೆ ತಿಳಿಸಿ; ಇಲ್ಲವಾದರೆ ಫಾರ್ಮ್ ರದ್ದಾಗುತ್ತದೆ. ಎರಡು ಸಲ ಓದಿದೆ. ಅರ್ಥವಾಯಿತು. ಮಲಗೋ ಜಾಗಕ್ಕೆ ಪತ್ರ ಯಾಕೆ ಬರಬೇಕು ಅಂದುಕೊಂಡೆ. ಅಕ್ಕಿ ಡಬ್ಬಿಯ ಕೆಳಗೆ ತಳ್ಳಿದೆ. ಸ್ವಲ್ಪ ತಡಕಾಡಲಿ, ನನ್ನ ಹತ್ತಿರ ಬಂದು ಕೇಳಲಿ, ಆಗ ಕೊಟ್ಟರಾಯಿತು — ಹಾಗೆಂದು ಅಂದುಕೊಂಡಿದ್ದೆ ಎಂದು ಹೇಳಬಹುದು. ನಿಜವೇ ಇರಬಹುದು. ಆದರೆ ಅವಳು ಕೇಳಿದಳಲ್ಲ!

ಅದನ್ನೇ ನೆನಪಿಸುವ ಎರಡನೆಯ ಪತ್ರವೂ ಬಂದು ಡಬ್ಬಿಯ ಕೆಳಗೆ ಸೇರಿದ ಮೇಲೆ ಕೇಳಿದಳು.

“ಅಕ್ಕಾ, ನನ್ನ ಹೆಸರಿಗೆ ಏನರ ಪತ್ರ ಬಂದಿತ್ತೇನು? ಫಾರ್ಮಿಂದು ಬರಬೇಕಾಗಿತ್ತು.”

“ಇಲ್ಲಲ್ಲ.”

“ಛಲೋ ನೋಡೀಯಿಲ್ಲೋ?”

“ನನಗೇನ ಓದಾಕ ಬರತೈತಿ? ಬಂದಿದ್ರ ಫ್ರಿಜ್ಜಿನ ಮ್ಯಾಲೆ ಇರತಿತ್ತು, ತಾಯಿ. ಇದು ನಿನ್ನ ಲಾಡ್ಜು, ಪೋಸ್ಟ್ ಆಫೀಸ್ ಅಲ್ಲ.”

ಅವಳು ನಕ್ಕಳು. ಜೋಕೆಂದುಕೊಂಡಳು.

ಮಾರನೆಯ ದಿನ ಎರಡನ್ನೂ ಹರಿದೆ. ನಮ್ಮ ಕಡೆ ಕಾಗದದ ಕಸವನ್ನು ಒಳಗಿನದು ಕಾಣುವಂಥ ಚೀಲದಲ್ಲಿ ಹಾಕಿ ಬಾಗಿಲ ಮುಂದಿಡಬೇಕು. ಕಂಡೀತೆಂದು ಚೂರುಗಳನ್ನು ಊಟದ ಡಬ್ಬಿಯಲ್ಲಿ ತುಂಬಿ ಗೋದಾಮಿಗೆ ಒಯ್ದು ಅಲ್ಲಿಯ ಕಸದಲ್ಲಿ ಹಾಕಿದೆ. ಇಷ್ಟು ಯೋಚನೆ ಮಾಡಬಲ್ಲವಳು ನಾನು. ದಡ್ಡಿಯಲ್ಲ.

ಫಾರ್ಮ್ ರದ್ದಾಯಿತು. ಇದು ಸುಮಿಗೆ ಗೊತ್ತಾದದ್ದು ಗೆಂಟ್‌ನ ಆಸ್ಪತ್ರೆಯಲ್ಲಿ. ಅವಳ ಮಗಳು ಇರಾಗೆ ಆಗ ಐದು ವರ್ಷ. ಎಡಗಿವಿಯೊಳಗೆ ಏನೋ ಬೆಳೆದು ಸದಾ ಸೋರುತ್ತಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಹಿಂದಿನ ವಾರ ಆಸ್ಪತ್ರೆಯವರು ಸುಮಿಯ ಗಂಡನಿಗೆ, ಮಗುವಿನ ವಿಮೆ ನಿಂತುಹೋಗಿದೆ, ಖರ್ಚು ಯಾರದೆಂದು ಮೊದಲು ತೀರ್ಮಾನವಾಗಲಿ ಅಂದರು. ದಿನ ಮುಂದೆ ಹೋಯಿತು. ಎಲ್ಲ ಕಾಗದ ಸರಿಯಾಗಿ ಮತ್ತೆ ದಿನ ಸಿಗುವಷ್ಟರಲ್ಲಿ ಐದು ತಿಂಗಳು. ಅಷ್ಟರಲ್ಲಿ ಒಳಗಿನ ಸಣ್ಣ ಎಲುಬುಗಳನ್ನು ಅದು ತಿಂದುಹಾಕಿತ್ತು. ಇರಾಗೆ ಈಗ ಎಡಗಿವಿ ಕೇಳುವುದಿಲ್ಲ. ವೀಡಿಯೊದಲ್ಲಿ ಮಾತಾಡುವಾಗ ತಲೆ ವಾರೆ ಮಾಡಿ ಬಲಗಿವಿಯನ್ನು ಫೋನಿಗೆ ಹತ್ತಿರ ತರುತ್ತಾಳೆ. “ದೊಡ್ಡವ್ವಾ, ಜೋರಾಗಿ,” ಅನ್ನುತ್ತಾಳೆ.

ಮೊದಲೇ ಮಾಡಿದ್ದರೆ ಕಿವಿ ಉಳಿಯುತ್ತಿತ್ತೇ? ಹೇಳಲಾಗದು ಅಂದರಂತೆ ಡಾಕ್ಟರು. ನಾನು ಎಷ್ಟೋ ದಿನ ಆ ಮಾತನ್ನು ಹಿಡಿದುಕೊಂಡು ಬದುಕಿದೆ. ಹೇಳಲಾಗದು, ಹೇಳಲಾಗದು... ಅದನ್ನು ಹಿಡಿದುಕೊಳ್ಳುವ ಹಕ್ಕು ನನಗಿರಲಿಲ್ಲ.

ಸುಮಿ ಕಚೇರಿಯ ಮೇಲೆ ದೂರು ಕೊಟ್ಟಳು. ಪತ್ರ ಕಳಿಸಿದ್ದೇವೆ ಎಂದು ಅವರು, ಬರಲೇ ಇಲ್ಲ ಎಂದು ಇವಳು. ತಿಂಗಳುಗಟ್ಟಲೆ ಫೋನಿನಲ್ಲಿ ಜಗಳವಾಡಿದಳು — ನನ್ನ ಅಡುಗೆಮನೆಯಲ್ಲೇ ನಿಂತು. “ಸುಳ್ಳು ಹೇಳ್ತಾರಕ್ಕಾ,” ಎಂದು ಅತ್ತಳು. ನಾನು ಚಹಾ ಮಾಡಿಕೊಟ್ಟೆ. “ಇವರ ಹಣೇಬರಾನ ಇಷ್ಟು,” ಅಂದೆ. ಪತ್ರ ಮುಚ್ಚಿಟ್ಟದ್ದಕ್ಕಿಂತ ಆ ಚಹಾ ಹೆಚ್ಚು ಹೇಸಿಗೆಯದು ಎಂದು ಈಗ ಅನ್ನಿಸುತ್ತದೆ.

ಈ ವರ್ಷ ಅವಳ ಪರ್ಮಿಟ್ಟಿನ ಐದು ವರ್ಷ ಮುಗಿಯಿತು. ಹೊಸದಕ್ಕೆ ಕಾಗದಪತ್ರ ಕೂಡಿಸುತ್ತಿದ್ದಳು. ಒಂದು ಗುರುವಾರ ಮಧ್ಯಾಹ್ನ ಕೆಲಸದಿಂದ ಬೇಗ ಬಂದು ಟೈಪ್ ಮಾಡಿದ ಒಂದು ಹಾಳೆ ನನ್ನ ಮುಂದಿಟ್ಟಳು. ನನ್ನ ಹೆಸರಿನಲ್ಲಿ ಹೇಳಿಕೆ. ತಂಗಿ ವಾರಕ್ಕೆ ಮೂರು ರಾತ್ರಿ ಮಾತ್ರ ಇಲ್ಲಿರುತ್ತಾಳೆ, ಅವಳ ಮನೆ ಗೆಂಟ್‌ನಲ್ಲಿ. ಕೊನೆಗೆ, ನಡುವೆ ಫಾರ್ಮ್ ರದ್ದಾದ ಕಾಲದ ಬಗ್ಗೆ ಒಂದು ಸಾಲು: ಆ ಎರಡು ಪತ್ರಗಳು ನನ್ನ ಮನೆಗೆ ಬಂದಿರಲಿಲ್ಲ.

“ನಿನಗ ಓದಿ ಹೇಳ್ತೀನಿ, ತಡಿ,” ಅಂದಳು.

“ಬ್ಯಾಡ. ಓದಿದೆ.”

ಅವಳು ನನ್ನ ಮುಖ ನೋಡಿದಳು. ನಾನು ಪೆನ್ನು ಮುಟ್ಟಲಿಲ್ಲ. ಸಹಿ ಮಾಡಿದ್ದರೆ ಇನ್ನು ಯಾವತ್ತೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಳ್ಳು ಈಗ ನನ್ನ ಅಡುಗೆಮನೆಯಲ್ಲಿ ಉಳಿಯುವುದಿಲ್ಲ; ಅವಳ ಹೆಸರಿನ ಫೈಲಿನಲ್ಲಿ, ಅವಳ ಅನ್ನದ ಮೇಲೆ ಕೂರುತ್ತದೆ.

“ಪತ್ರ ಬಂದಿದ್ದವು,” ಅಂದೆ. “ಎರಡೂ. ನಾನ ಇಟ್ಕೊಂಡೆ. ನೀ ಅವತ್ತ ಪಿನ್ನರ್‌ನ್ಯಾಗ ಅಷ್ಟ ಮಂದಿ ಮುಂದ ನನ್ನ ಮನಿ ಬರೇ ಮಲಗೋ ಜಾಗಾ ಅಂದಿ —”

ನೋಡಿ, ಆಗಲೂ ಕಾರಣ ಮುಂದೆ ಮಾಡಿದೆ.

ಸುಮಿ ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ಬಹಳ ಮೆಲ್ಲಗೆ, “ಅದು ಪರ್ಮಿಟ್ಟಿನ ಮಾತಕ್ಕಾ,” ಅಂದಳು. “ಯಾರ ಕೇಳಿದ್ರೂ ಲಂಡನ್ನಿನ್ಯಾಗ ನನ್ನ ಮನಿ ಇಲ್ಲ ಅಂತನ ಹೇಳಬೇಕಾಗತಿತ್ತು. ಬಾಯಿಪಾಠ ಮಾಡ್ಕೊಂಡಿದ್ದೆ. ನಿನ್ನ ಮನೀನ ನನ್ನ ಮನಿ ಅಂತ ಒಮ್ಮಿ ಬಾಯಿತಪ್ಪಿ ಎಲ್ಲೆರ ಅಂದಬಿಟ್ರ, ನೌಕರಿನ ಹೋಗತೈತಿ ಅಂತ ಅಂಜಿಕಿ.” ಮತ್ತೆ ಅಂದಳು: “ಒಂದ ಮಾತು ನನ್ನ ಬೈಬಹುದಾಗಿತ್ತಲ್ಲ ನೀನು. ಕಪಾಳಕ್ಕ ಹೊಡೀಬಹುದಾಗಿತ್ತಲ್ಲ. ನನ್ನ ಕೂಸು ಏನ ಮಾಡಿತ್ತು?”

ಅವಳು ಆ ಹಾಳೆಯನ್ನು ಹರಿದಳು. ಸಣ್ಣ ಕೋಣೆಗೆ ಹೋಗಿ ತನ್ನ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬತೊಡಗಿದಳು — ವಾರದ್ದಲ್ಲ, ಎಲ್ಲ. ಇನ್ನು ಬೇರೆ ಕಡೆ ಕೋಣೆ ಹಿಡಿಯುತ್ತೇನೆ, ಇದ್ದದ್ದು ಇದ್ದಂತೆ ಕಚೇರಿಗೆ ನಿಜ ಬರೆಯುತ್ತೇನೆ ಎಂದಳು. ಬರಿ ಅಂದೆ. ಯಾರು ಕೇಳಿದರೂ ನಾನೇ ಮಾಡಿದ್ದೆಂದು ನನ್ನ ಕೈಯಿಂದ ಬರೆದುಕೊಡುತ್ತೇನೆ ಅಂದೆ.

ಬಾಗಿಲಲ್ಲಿ ಅವಳು ಬೂಟು ಹಾಕಿಕೊಳ್ಳುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಅವಳು ಮಾಡಿದ್ದನ್ನಾಗಲಿ, ಆಡಿದ್ದನ್ನಾಗಲಿ ನಡುವೆ ತರದೆ, ನನ್ನ ಓದನ್ನಾಗಲಿ, ಬಿಟ್ಟ ಶಾಲೆಯನ್ನಾಗಲಿ ತರದೆ, ಆಗ ಹೇಳಿದೆ — ಅವಳಿಗೆ ಕೇಳುವ ಹಾಗೆ ಹೇಳಿದೆ:

“ನಾ ತಿಳಿದು ತಿಳಿದು ಮಾಡಿದೆ, ಸುಮಿ. ನಿನ್ನ ಕೂಸಿಗೆ ಕೆಟ್ಟದ್ದ ಮಾಡಿದೆ. ತಪ್ಪು ನಂದು, ಪೂರಾ ನಂದು. ನನ್ನ ಕ್ಷಮಿಸು.”