ಐದನೆಯ ಸುಧಾಕರ

೧೯೫೩ರಲ್ಲಿ, ಮದುವೆಯಾಗಿ ಹನ್ನೆರಡು ವರ್ಷಕ್ಕೆ ಗಂಡುಮಗು ಹುಟ್ಟಿದಾಗ, ಕುಂಬಾರಕೊಪ್ಪಲಿನ ತೆಂಗಿನಕಾಯಿ ವ್ಯಾಪಾರಿ ಪುಟ್ಟಬಸವಯ್ಯನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೇರಿಯಲ್ಲಿ ಯಾರಿಗೂ ಇಲ್ಲದ ಹೆಸರೇ ಬೇಕೆಂದು ಸಂಸ್ಕೃತ ಪಂಡಿತರೊಬ್ಬರ ಮನೆಗೆ ನಾಲ್ಕು ಸಲ ಅಲೆದು ‘ಸುಧಾಕರ’ನನ್ನು ಹಿಡಿದು ತಂದರು. ಆದರೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಗಿರಿಜಾಂಬಾ, ತಮ್ಮ ಮಗಳ ಬಾಣಂತನ ಮುಗಿಸಿ ನಂಜನಗೂಡಿನಿಂದ ಬರಲು ಮೂರು ತಿಂಗಳಾಯಿತು. ಅಷ್ಟು ದಿನ ಸುಮ್ಮನಿರುವ ಬಾಯಿ ಪುಟ್ಟಬಸವಯ್ಯನವರದಲ್ಲ. ತಮ್ಮ ಕೂಸುಗಳ ನಾಮಕರಣಕ್ಕೆಂದು ಕಾಯಿ ಕೊಳ್ಳಲು ಬಂದವರಿಗೆಲ್ಲ, “ಸುಧಾಕರ ಅಂದ್ರೆ ಚಂದ್ರ ಕಣಮ್ಮ, ಅಮೃತ ಸುರಿಸೋನು” ಎಂದು ಕಾಯಿಯ ಜೊತೆಗೆ ಅರ್ಥವನ್ನೂ ಕಟ್ಟಿ ಕಳಿಸಿದರು.

ತೊಟ್ಟಿಲಿಗೆ ಹಾಕುವ ದಿನ ಗಿರಿಜಾಂಬಾ ಹೆಸರೇನೆಂದು ತಮ್ಮನನ್ನು ಕೇಳಿದರು. ಅವರು ಹೇಳಿದ್ದೇ ತಡ, ಕೂತಿದ್ದ ನಾಲ್ವರು ತಾಯಂದಿರು ತಮ್ಮ ತಮ್ಮ ಮಡಿಲು ನೋಡಿಕೊಂಡು ನಕ್ಕರು.

“ನಮ್ಮೋನ್ದೂ ಅದೇ ಕಣಣ್ಣ. ನೀವೇ ತಾನೆ ಅಷ್ಟು ಚೆನ್ನಾಗಿ ಹೇಳಿದ್ದು?” ಎಂದರು ಎದುರುಮನೆಯ ನೀಲಮ್ಮ.

“ಬೇರೆ ಯಾವ್ದಾದ್ರೂ ಹುಡುಕೋ, ಬಸವ” ಎಂದರು ಗಿರಿಜಾಂಬಾ.

ಪುಟ್ಟಬಸವಯ್ಯ ಒಂದು ಗಳಿಗೆ ಪೆಚ್ಚಾದರು. ಆಮೇಲೆ ತೊಟ್ಟಿಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮಾಲು ಚೆನ್ನಾಗಿರೋದಕ್ಕೆ ತಾನೆ ಅಕ್ಕ, ನಾಕು ಮನೆಯೋರು ತಗೊಂಡಿರೋದು? ಅದನ್ನೇ ಹೇಳ್ಬುಡು.”